ಕುಡಿಯುವ ನೀರಿಗೆ ನೇರಳಾತೀತ ಕಿರಣ: ಕ್ಲೋರಿನ್ ಬಿಡಬಹುದೆ?

‘ಡಾಕ್ಟ್ರೇ, ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತದಂತೆ, ಹೌದೆ? ನಾವು ಲೈಟಿನ ಫಿಲ್ಟರ್ ಹಾಕಿಸಿದ್ದೇವೆ, ಇನ್ನು ಭಯ ಇಲ್ಲವಲ್ಲ?’ ನನ್ನ ಬಳಿ ಬರುವವರು ಆಗಾಗ ಕೇಳುವ ಪ್ರಶ್ನೆ ಇದು. ಇದರ ಮೊದಲ ಭಾಗದಲ್ಲಿ ಸ್ವಲ್ಪ ಸತ್ಯವಿದೆ. ಎರಡನೆಯ ಭಾಗದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಇವೆರಡನ್ನೂ ಬಿಡಿಸಿ ನೋಡದಿದ್ದರೆ, ಕೆಲವರು ಕ್ಲೋರಿನ್ನಿಗೆ ಹೆದರಿ ವಾಂತಿಭೇದಿಗೆ ಬಾಗಿಲು ತೆರೆದು ಕೊಡುತ್ತಾರೆ. ಇನ್ನು ಕೆಲವರು ಗೋಡೆಯ ಮೇಲಿನ ಪೆಟ್ಟಿಗೆಯನ್ನು ಪೂರ್ತಿ ನಂಬಿ, ಅದರ ಕೆಳಗಿಟ್ಟ ಬಿಂದಿಗೆಯನ್ನು ತೊಳೆಯುವುದನ್ನೇ ಮರೆಯುತ್ತಾರೆ.

ಮೊದಲು ಕ್ಲೋರಿನ್ನಿನ ವಿಷಯ. ಕಾಲರಾ, ಟೈಫಾಯಿಡ್, ಆಮಶಂಕೆ, ಕಾಮಾಲೆ ಇವೆಲ್ಲ ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಹಾದು ಬರುವ ರೋಗಗಳು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಇಡೀ ಊರಿನ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸುವ ಏರ್ಪಾಡು ಆಯಿತು. ಆಮೇಲೆ ಈ ಪದ್ಧತಿ ಜಗತ್ತಿನ ಊರೂರಿಗೆ ಹಬ್ಬಿತು. ಟೈಫಾಯಿಡ್‌ಗೆ ಒಳ್ಳೆಯ ಔಷಧ ಬರುವ ಎಷ್ಟೋ ವರ್ಷ ಮೊದಲೇ ಆ ರೋಗ ನಗರಗಳಲ್ಲಿ ಇಳಿಮುಖವಾದದ್ದರಲ್ಲಿ ನೀರನ್ನು ಸೋಸಿ ಕ್ಲೋರಿನ್ ಹಾಕಿದ್ದರ ಪಾಲು ದೊಡ್ಡದು. ಕ್ಲೋರಿನ್ನಿನ ಇನ್ನೊಂದು ಗುಣವನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಅದು ಒಮ್ಮೆ ಕ್ರಿಮಿಗಳನ್ನು ಕೊಂದು ಸುಮ್ಮನಾಗುವುದಿಲ್ಲ. ಸ್ವಲ್ಪ ಉಳಿದುಕೊಂಡು ನೀರಿನ ಜೊತೆಗೇ ಪೈಪಿನಲ್ಲಿ ನಿಮ್ಮ ಮನೆಯವರೆಗೂ ಕಾವಲುಗಾರನ ಹಾಗೆ ಬರುತ್ತದೆ. ನಮ್ಮ ದೇಶದ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನಲ್ಲಿಯ ಕೊನೆಯಲ್ಲಿಯೂ ಉಳಿದಿರಬೇಕು. ನೀರಿನಲ್ಲಿ ಬರುವ ಆ ತೆಳುವಾದ ವಾಸನೆ ದೋಷದ ಲಕ್ಷಣವಲ್ಲ, ಕಾವಲು ಎಚ್ಚರವಾಗಿದೆ ಎಂಬುದರ ಗುರುತು.

ವಾಸನೆಯ ಹಿಂದಿರುವ ಇನ್ನೊಂದು ಸಂಗತಿ

ಹಾಗಾದರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ನದಿ, ಕೆರೆಗಳ ನೀರಿನಲ್ಲಿ ಕೊಳೆತ ಎಲೆ, ಪಾಚಿ, ಗೊಬ್ಬರಗಳಿಂದ ಕರಗಿ ಬಂದ ಸಾವಯವ ಪದಾರ್ಥ ಇರುತ್ತದೆ. ಕಾಡಿನ ಹಳ್ಳದ ನೀರು ಚಹದ ಕಷಾಯದಂತೆ ಕಾಣುವುದು ಇದರಿಂದಲೇ. ಕ್ಲೋರಿನ್ ಇಂಥ ಪದಾರ್ಥದ ಜೊತೆ ಸೇರಿದಾಗ ಕೆಲವು ಹೊಸ ರಾಸಾಯನಿಕಗಳು ಹುಟ್ಟುತ್ತವೆ. 1974ರಲ್ಲಿ ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿ ಕೆಲಸ ಮಾಡುತ್ತಿದ್ದ ಯೋಹಾನೆಸ್ ರೂಕ್ ಎಂಬ ರಸಾಯನ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಕ್ಲೋರಿನ್ ಹಾಕಿದ ನೀರಿನಲ್ಲಿ ಅವರಿಗೆ ಕ್ಲೋರೋಫಾರ್ಮ್ ಸಿಕ್ಕಿತು. ಹೌದು, ಹಿಂದೆ ಆಪರೇಷನ್ ಮಾಡುವಾಗ ಪ್ರಜ್ಞೆ ತಪ್ಪಿಸಲು ಮೂಸಿಸುತ್ತಿದ್ದ ಅದೇ ಕ್ಲೋರೋಫಾರ್ಮ್, ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಅದೂ, ಅದರ ಮೂರು ಸೋದರ ರಾಸಾಯನಿಕಗಳೂ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ಗುಂಪಾಗುತ್ತದೆ. ಹ್ಯಾಲೋಅಸಿಟಿಕ್ ಆಮ್ಲಗಳದು ಇನ್ನೊಂದು ಗುಂಪು.

1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಹೆಚ್ಚು ಪ್ರಮಾಣದ ಕ್ಲೋರೋಫಾರ್ಮ್ ತಿನ್ನಿಸಿದ ಇಲಿಗಳಲ್ಲಿ ಕ್ಯಾನ್ಸರ್ ಕಾಣಿಸಿತೆಂದು ವರದಿ ಮಾಡಿತು. 1979ರಲ್ಲಿ ಆ ದೇಶ ಲೀಟರಿಗೆ 100 ಮೈಕ್ರೋಗ್ರಾಂ ಮೀರಬಾರದೆಂದು ಮಿತಿ ಹಾಕಿ, 1998ರಲ್ಲಿ ಅದನ್ನು 80ಕ್ಕೆ ಇಳಿಸಿತು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಭಾರತದ ಮಾನಕದಲ್ಲಿಯೂ ಈ ನಾಲ್ಕಕ್ಕೂ ಮಿತಿಗಳಿವೆ; ಕ್ಲೋರೋಫಾರ್ಮಿಗೆ ಲೀಟರಿಗೆ 0.2 ಮಿಲಿಗ್ರಾಂ. ದಶಕಗಟ್ಟಲೆ ಇಂಥ ರಾಸಾಯನಿಕ ಹೆಚ್ಚಾಗಿರುವ ನೀರನ್ನು ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚೆಂದು ಹಲವು ಅಧ್ಯಯನಗಳು ಸೂಚಿಸಿವೆ. ಆದ್ದರಿಂದ ಅದನ್ನು ಕಡಿಮೆ ಮಾಡಬೇಕು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಅಳತೆ ತಪ್ಪಬಾರದು. ಅದೇ ಮೂತ್ರಕೋಶಕ್ಕೆ ಬೀಡಿ ಸಿಗರೇಟು ಮಾಡುವ ಹಾನಿ ಇದಕ್ಕಿಂತ ಬಹಳ ದೊಡ್ಡದು. ಬೀಡಿ ಸೇದುತ್ತ ಕ್ಲೋರಿನ್ನಿಗೆ ಹೆದರುವವರನ್ನೂ ನಾನು ನೋಡುತ್ತಿರುತ್ತೇನೆ.

ಇಲ್ಲಿ ಪೆರು ದೇಶದ ಕಥೆಯನ್ನು ಹೇಳಲೇಬೇಕು. 1991ರ ಜನವರಿಯಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ಒಂದೇ ವರ್ಷದಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ, ಸುಮಾರು 2,900 ಮಂದಿ ಸತ್ತರು. ಅಲ್ಲಿನ ಟ್ರುಹಿಯೋ ಎಂಬ ನಗರದ ನೀರಿಗೆ ಕ್ಲೋರಿನ್ ಹಾಕುತ್ತಿರಲಿಲ್ಲ. ಹಳೆಯ ಪೈಪುಗಳು, ಹಣದ ಕೊರತೆ, ಚರಂಡಿಯ ದುಃಸ್ಥಿತಿ ಇವೆಲ್ಲ ಇದ್ದದ್ದು ನಿಜ. ಅದರ ಜೊತೆಗೆ ಕ್ಲೋರಿನ್ನಿನಿಂದ ಕ್ಯಾನ್ಸರ್ ಬಂದೀತೆಂಬ ಅಂಜಿಕೆಯೂ ಅಲ್ಲಿನವರು ಮುಂದಿಟ್ಟ ಕಾರಣಗಳಲ್ಲಿ ಒಂದಾಗಿತ್ತು. ನಲವತ್ತು ವರ್ಷದ ನಂತರ ಬರಬಹುದಾದ, ಬಾರದೆಯೂ ಇರಬಹುದಾದ ರೋಗಕ್ಕೆ ಅಂಜಿ, ನಲವತ್ತು ಗಂಟೆಯೊಳಗೆ ಮಗುವನ್ನು ಕೊಲ್ಲಬಲ್ಲ ರೋಗವನ್ನು ಒಳಗೆ ಬಿಟ್ಟುಕೊಂಡ ಹಾಗಾಯಿತು. ಉಪ ಉತ್ಪನ್ನಗಳನ್ನು ತಗ್ಗಿಸುವ ಭರದಲ್ಲಿ ಕ್ರಿಮಿನಾಶವನ್ನು ಸಡಿಲ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಒತ್ತಿ ಹೇಳುವುದು ಇದಕ್ಕಾಗಿಯೇ.

ಬೆಳಕು ಕ್ರಿಮಿಯನ್ನು ಏನು ಮಾಡುತ್ತದೆ?

ಕ್ಲೋರಿನ್ ಕಡಿಮೆ ಮಾಡಿಯೂ ಕ್ರಿಮಿಯನ್ನು ತಡೆಯುವ ದಾರಿಗಳಲ್ಲಿ ಒಂದು ನೇರಳಾತೀತ ಕಿರಣ. ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಬಿಸಿಲಿಗೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿ ಇದೆಯೆಂದು ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1877ರಲ್ಲೇ ಪ್ರಕಟಿಸಿದ್ದರು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಪಾದರಸದ ದೀಪದಿಂದ ಕುಡಿಯುವ ನೀರನ್ನು ಶುದ್ಧ ಮಾಡುವ ಪ್ರಯತ್ನವೂ ನಡೆಯಿತು. ಆ ಕಾಲದ ದೀಪಗಳು ಬೇಗ ಕೆಡುತ್ತಿದ್ದವು, ಕ್ಲೋರಿನ್ ಅಗ್ಗವಾಗಿತ್ತು. ಹೀಗಾಗಿ ಬೆಳಕಿನ ವಿದ್ಯೆ ಹಲವು ದಶಕ ಹಿಂದೆ ಬಿತ್ತು.

ಕಾಮನಬಿಲ್ಲಿನ ಕೊನೆಯ ಬಣ್ಣ ನೇರಳೆ. ಅದರಾಚೆ ನಮ್ಮ ಕಣ್ಣಿಗೆ ಕಾಣದ ಕಿರಣಗಳಿವೆ, ಅವೇ ನೇರಳಾತೀತ. ನೀರಿನ ಯಂತ್ರದ ದೀಪದಿಂದ ಹೊರಡುವ ಕಿರಣದ ಅಲೆಯುದ್ದ ಸುಮಾರು 254 ನ್ಯಾನೋಮೀಟರ್. ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಪ್ರತಿಯೊಂದು ಜೀವಕೋಶದಲ್ಲೂ ವಂಶದ ಗುಣಗಳನ್ನು ಬರೆದಿಟ್ಟ ಡಿ.ಎನ್.ಎ. ಎಂಬ ಎಳೆ ಇರುತ್ತದಷ್ಟೆ. ಆ ಎಳೆ ಈ ಅಲೆಯುದ್ದದ ಕಿರಣವನ್ನು ಚೆನ್ನಾಗಿ ಹೀರುತ್ತದೆ. ಹೀರಿದಾಗ ಅದರಲ್ಲಿ ಅಕ್ಕಪಕ್ಕದ ಎರಡು ಕೊಂಡಿಗಳು ಒಂದಕ್ಕೊಂದು ಬೆಸೆದುಕೊಂಡು ಬಿಡುತ್ತವೆ. ಜಿಪ್ಪಿನ ಎರಡು ಹಲ್ಲು ಅಂಟಿಕೊಂಡರೆ ಜಿಪ್ಪು ಹೇಗೆ ಬಿಚ್ಚಲಾರದೋ ಹಾಗೆ, ಆ ಎಳೆ ಬಿಚ್ಚಿ ನಕಲಾಗಲಾರದು. ಕ್ರಿಮಿ ಆ ಕ್ಷಣವೇ ಸಾಯದಿರಬಹುದು, ಆದರೆ ಒಂದು ಎರಡಾಗುವುದು ನಿಲ್ಲುತ್ತದೆ. ಕರುಳಿನಲ್ಲಿ ಬೆಳೆಯದ ಕ್ರಿಮಿ ರೋಗ ತರಲಾರದು. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ನೀರಿಗೆ ಏನನ್ನೂ ಸೇರಿಸಿದ್ದಲ್ಲ, ಆದ್ದರಿಂದ ರುಚಿ, ವಾಸನೆ ಬದಲಾಗುವುದಿಲ್ಲ. ಕುಡಿಯುವ ನೀರಿಗೆ ಬಳಸುವ ಪ್ರಮಾಣದಲ್ಲಿ ಈ ಕಿರಣದಿಂದ ಟ್ರೈಹ್ಯಾಲೋಮೀಥೇನಿನಂಥವು ಹುಟ್ಟುವುದೂ ಇಲ್ಲವೆನ್ನಬಹುದು.

ಈ ಕಿರಣಕ್ಕೆ ದೊಡ್ಡ ಗೌರವ ಬಂದದ್ದು ಒಂದು ಅನಾಹುತದ ನಂತರ. 1993ರ ವಸಂತದಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಮಂದಿಗೆ ಭೇದಿ ಹತ್ತಿತು. ಕಾರಣ ಕ್ರಿಪ್ಟೋಸ್ಪೋರಿಡಿಯಂ ಎಂಬ ಏಕಕೋಶ ಜೀವಿ. ಇದರ ಮೊಟ್ಟೆಯಂಥ ಕೋಶದ ಹೊದಿಕೆ ಎಷ್ಟು ಗಟ್ಟಿಯೆಂದರೆ, ಈಜುಕೊಳದಲ್ಲಿರುವಷ್ಟು ಕ್ಲೋರಿನ್ನಿನಲ್ಲಿಯೂ ಇದು ಹತ್ತು ದಿನಕ್ಕಿಂತ ಹೆಚ್ಚು ಬದುಕಬಲ್ಲದು. ಗಟ್ಟಿಮುಟ್ಟಾದವರು ಒಂದೆರಡು ವಾರದಲ್ಲಿ ಚೇತರಿಸಿಕೊಂಡರು. ರೋಗನಿರೋಧಕ ಶಕ್ತಿ ಕುಂದಿದವರಿಗೆ, ಮುಖ್ಯವಾಗಿ ಏಡ್ಸ್ ರೋಗಿಗಳಿಗೆ, ಅದು ಮಾರಕವಾಯಿತು. 1990ರ ದಶಕದ ಕೊನೆಯಲ್ಲಿ, ಕ್ಲೋರಿನ್ನಿಗೆ ಜಗ್ಗದ ಈ ಜೀವಿ ತೀರ ಕಡಿಮೆ ನೇರಳಾತೀತ ಕಿರಣಕ್ಕೆ ಸೋಲುತ್ತದೆ ಎಂಬುದು ಪ್ರಯೋಗಗಳಿಂದ ಗೊತ್ತಾಯಿತು.

ಆದರೆ ಬೆಳಕಿಗೂ ಒಬ್ಬ ಹಟಮಾರಿ ವೈರಿ ಇದ್ದಾನೆ. ಮಕ್ಕಳಲ್ಲಿ ನೆಗಡಿ, ಕಣ್ಣುಬೇನೆ, ಭೇದಿ ತರುವ ಅಡಿನೋ ವೈರಸ್ಸನ್ನು ಮಣಿಸಲು, ಕ್ರಿಪ್ಟೋಸ್ಪೋರಿಡಿಯಂಗೆ ಬೇಕಾಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಕಿರಣ ಬೇಕು. ಅದೇ ವೈರಸ್ ಕ್ಲೋರಿನ್ನಿಗೆ ಸುಲಭವಾಗಿ ಬಗ್ಗುತ್ತದೆ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ನ್ಯೂಯಾರ್ಕ್ ನಗರ ಮಾಡಿರುವುದು ಈ ಎರಡನ್ನೂ ಜೋಡಿಸುವ ಕೆಲಸ. ಆ ನಗರಕ್ಕೆ ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾಶಯಗಳಿಂದ ಬರುವ ನೀರನ್ನು ಸೋಸುವುದಿಲ್ಲ. ಜಲಾನಯನ ಪ್ರದೇಶವನ್ನೇ ಕಾಪಾಡಿಕೊಂಡು ಬಂದಿದ್ದಾರೆ. ಅಂಥ ನೀರಿಗೆ 2012-13ರಿಂದ 56 ನೇರಳಾತೀತ ಘಟಕಗಳ ಸ್ಥಾವರವೊಂದು ಕೆಲಸ ಮಾಡುತ್ತಿದೆ. ದಿನಕ್ಕೆ ಸುಮಾರು 900 ಕೋಟಿ ಲೀಟರ್ ನೀರನ್ನು ಹಾಯಿಸುವ ಶಕ್ತಿ ಅದಕ್ಕಿದೆ. ಇಷ್ಟೆಲ್ಲ ಮಾಡಿಯೂ ಅವರು ಕ್ಲೋರಿನ್ ಬಿಟ್ಟಿಲ್ಲ.

ಏಕೆಂದರೆ ಬೆಳಕಿನ ಗುಣವೇ ಅದರ ದೋಷ. ಅದು ನೀರಿನಲ್ಲಿ ಏನನ್ನೂ ಬಿಡುವುದಿಲ್ಲ. ವಿಷವನ್ನೂ ಬಿಡುವುದಿಲ್ಲ, ಕಾವಲನ್ನೂ ಬಿಡುವುದಿಲ್ಲ. ದೀಪದ ಮುಂದಿನಿಂದ ದಾಟಿದ ಮರುಕ್ಷಣ ನೀರು ನಿರಾಯುಧ. ನೆದರ್ಲೆಂಡ್ಸ್‌ನಲ್ಲಿ ಈಗ ಪೈಪಿನ ನೀರಿಗೆ ಕ್ಲೋರಿನ್ ಇಲ್ಲದೆಯೇ ಸಾಗಿಸುತ್ತಾರೆ, ನಮಗೇಕೆ ಆಗದು ಎಂದು ಯಾರಾದರೂ ಕೇಳಬಹುದು. ಅಲ್ಲಿನ ಪೈಪುಗಳಲ್ಲಿ ಸೋರಿಕೆ ತೀರ ಕಡಿಮೆ, ಹಗಲೂ ರಾತ್ರಿ ಒತ್ತಡದಿಂದ ನೀರು ತುಂಬಿರುತ್ತದೆ, ಹೊರಗಿನ ಕೊಳೆ ಒಳಗೆ ನುಗ್ಗಲಾರದು. ನಮ್ಮ ಊರುಗಳಲ್ಲಿ ನೀರು ದಿನ ಬಿಟ್ಟು ದಿನ, ಕೆಲವೆಡೆ ವಾರಕ್ಕೊಮ್ಮೆ. ನೀರು ನಿಂತಾಗ ಪೈಪು ಬರಿದಾಗಿ, ಬಿರುಕಿನ ಪಕ್ಕದಲ್ಲಿ ಹರಿಯುವ ಚರಂಡಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಕಾವೇರಿ ನೀರನ್ನೇ ನೋಡಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಹೊರಟು, ಪಂಪಿನಿಂದ ಪಂಪಿಗೆ ಏರಿ, ಬೀದಿಯ ಪೈಪು, ಮನೆಯ ಸಂಪು, ತಾರಸಿಯ ಟ್ಯಾಂಕು ದಾಟಿ ಅದು ನಿಮ್ಮ ಲೋಟಕ್ಕೆ ಬರಬೇಕು. ಈ ದಾರಿಗೆ ಕಾವಲಿಲ್ಲದ ನೀರನ್ನು ಕಳಿಸುವಂತಿಲ್ಲ.

ನೀರಿನ ಸ್ಥಾವರದಲ್ಲಿ ಉಪ ಉತ್ಪನ್ನ ತಗ್ಗಿಸಲು ಮಾಡಬೇಕಾದದ್ದು ಬೇರೆ. ಆಲಂ ಹಾಕಿ ಕೆಸರನ್ನೂ ಸಾವಯವ ಪದಾರ್ಥವನ್ನೂ ಮೊದಲು ಕೂರಿಸಿ, ಸೋಸಿ, ಆಮೇಲೆ ಕ್ಲೋರಿನ್ ಹಾಕಬೇಕು. ಕ್ಲೋರಿನ್ನಿಗೆ ಸಂಗಾತಿಯೇ ಸಿಗದಿದ್ದರೆ ಟ್ರೈಹ್ಯಾಲೋಮೀಥೇನ್ ಎಲ್ಲಿಂದ ಹುಟ್ಟಬೇಕು? ಕ್ರಿಮಿ ಕೊಲ್ಲುವ ಮುಖ್ಯ ಕೆಲಸವನ್ನು ನೇರಳಾತೀತ ಕಿರಣಕ್ಕೆ ವಹಿಸಿದರೆ, ಕಾವಲಿಗೆ ಬೇಕಾದಷ್ಟೇ ಕ್ಲೋರಿನ್ ಸಾಕಾಗುತ್ತದೆ.

ನಿಮ್ಮ ಅಡುಗೆಮನೆಯ ಪೆಟ್ಟಿಗೆ

ಈಗ ಮೊದಲು ಹೇಳಿದ ತಪ್ಪು ತಿಳಿವಳಿಕೆಗೆ ಬರೋಣ. ನಲ್ಲಿಯ ನೀರು ನಿಮ್ಮ ಮನೆ ತಲಪುವ ವೇಳೆಗೆ ಕ್ಲೋರಿನ್ ತನ್ನ ಕೆಲಸ ಮಾಡಿ ಆಗಿರುತ್ತದೆ, ಉಪ ಉತ್ಪನ್ನ ಹುಟ್ಟಿಯೂ ಆಗಿರುತ್ತದೆ. ಅಡುಗೆಮನೆಯ ದೀಪ ಅದನ್ನು ತೆಗೆಯುವುದಿಲ್ಲ. ಅದನ್ನು ತೆಗೆಯುವುದು, ಪೆಟ್ಟಿಗೆಯಲ್ಲಿ ದೀಪಕ್ಕಿಂತ ಮೊದಲು ಇರುವ ಇದ್ದಿಲಿನ ಡಬ್ಬಿ. ಈ ಸಕ್ರಿಯ ಇದ್ದಿಲು ಕ್ಲೋರಿನ್ನನ್ನೂ, ಟ್ರೈಹ್ಯಾಲೋಮೀಥೇನನ್ನೂ, ವಾಸನೆಯನ್ನೂ ಹೀರುತ್ತದೆ. ಆದರೆ ಅದರ ಹೊಟ್ಟೆಯೂ ಒಂದು ದಿನ ತುಂಬುತ್ತದೆ. ಕ್ಲೋರಿನ್ ಕಳೆದುಕೊಂಡ ನೀರು ನಿಂತಲ್ಲಿ ಇದ್ದಿಲಿನ ಮೇಲೆ ಬ್ಯಾಕ್ಟೀರಿಯಾ ಬೆಳೆಯುವುದೂ ಉಂಟು. ದೀಪವನ್ನು ಇದ್ದಿಲಿನ ನಂತರ ಇಟ್ಟಿರುವುದರ ಮರ್ಮ ಇದೇ. ಆದ್ದರಿಂದ ದೀಪದಷ್ಟೇ ಇದ್ದಿಲಿನ ಡಬ್ಬಿಯನ್ನೂ ಹೇಳಿದ ಅವಧಿಗೆ ಬದಲಾಯಿಸಿ. ಊರಿಗೆ ಹೋಗಿ ವಾರದ ಮೇಲೆ ಬಂದಿದ್ದರೆ ಮೊದಲು ಕೆಲವು ನಿಮಿಷ ನೀರನ್ನು ಹರಿಯಬಿಟ್ಟು ಪಾತ್ರೆ ತೊಳೆಯಲು ಬಳಸಿ, ಆಮೇಲೆ ಕುಡಿಯಲು ಹಿಡಿಯಿರಿ.

ದೀಪದ ನೀಲಿ ಬೆಳಕನ್ನು ಕಂಡು ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ನಿಮಗೆ ಕಾಣುವುದು ನೇರಳಾತೀತ ಕಿರಣವಲ್ಲ, ಅದು ಕಣ್ಣಿಗೆ ಕಾಣುವಂಥದ್ದೇ ಅಲ್ಲ. ದೀಪ ಹಳೆಯದಾದಂತೆ ನೀಲಿ ಬೆಳಕು ಉಳಿದು, ಕ್ರಿಮಿ ತಡೆಯುವ ಕಿರಣ ಕ್ಷೀಣಿಸುತ್ತದೆ. ಹೀಗಾಗಿ ಉರಿಯುತ್ತಿರುವ ದೀಪವನ್ನೂ ಬದಲಿಸಬೇಕಾಗುತ್ತದೆ; ‘ಇನ್ನೂ ಉರೀತಿದೆಯಲ್ಲ’ ಎಂದು ಮುಂದೂಡುವುದು ಉಳಿತಾಯವಲ್ಲ. ದೀಪದ ಸುತ್ತ ಸ್ಫಟಿಕದ ಕೊಳವೆಯೊಂದಿದೆ, ಏಕೆಂದರೆ ಮಾಮೂಲಿ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಬೋರ್‌ವೆಲ್ ಗಡಸು ನೀರಿನ ಸುಣ್ಣ ಆ ಕೊಳವೆಯ ಮೇಲೆ ಬಿಳಿ ಪದರವಾಗಿ ಕಟ್ಟಿಕೊಂಡರೂ ಕಿರಣ ಹೊರಗೆ ಬರಲಾರದು. ಸರ್ವೀಸಿಗೆ ಬಂದವರು ಅದನ್ನು ತೆಗೆದು ಒರೆಸುತ್ತಾರೋ ಇಲ್ಲವೋ ನಿಂತು ನೋಡಿ. ಉರಿಯುವ ದೀಪವನ್ನು ಮಾತ್ರ ಬರಿಗಣ್ಣಿನಿಂದ ನೋಡಬಾರದು, ಕಣ್ಣಿಗೆ ಸುಟ್ಟಗಾಯವಾಗುತ್ತದೆ.

ನೀರು ರಾಡಿಯಾಗಿದ್ದರೆ ಕಿರಣ ಕೆಲಸ ಮಾಡುವುದಿಲ್ಲ. ಮಣ್ಣಿನ ಕಣದ ನೆರಳಿನಲ್ಲಿ ಕ್ರಿಮಿ ಅಡಗಿಕೊಳ್ಳುತ್ತದೆ. ಮಳೆಗಾಲದ ಮೊದಲ ಕೆಂಪು ನೀರಿಗೆ ಪೆಟ್ಟಿಗೆಯನ್ನು ನಂಬದೆ, ನೀರನ್ನು ತಿಳಿಯಾಗಿಸಿ, ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಒಂದು ನಿಮಿಷ ಕುದಿಸಿ ಕುಡಿಯಿರಿ. ಕುದಿಸುವುದರಲ್ಲಿ ಇನ್ನೊಂದು ಅನುಕೂಲವಿದೆ: ಕ್ಲೋರೋಫಾರ್ಮ್ ಆವಿಯಾಗಿ ಹೋಗುವಂಥದ್ದು. ಪಾತ್ರೆಯ ಮುಚ್ಚಳ ತೆಗೆದು, ಕಿಟಕಿ ತೆರೆದು ಕುದಿಸಿದರೆ ಅದರ ಬಹುಪಾಲು ಹಾರಿಹೋಗುತ್ತದೆ. ಬಚ್ಚಲಲ್ಲಿ ಬಿಸಿನೀರು ಸುರಿದುಕೊಳ್ಳುವಾಗಲೂ ಅದು ಆವಿಯಲ್ಲಿ ಬರುತ್ತದಾದ್ದರಿಂದ ಅಲ್ಲಿನ ಗವಾಕ್ಷಿಯನ್ನು ಮುಚ್ಚಿಡಬೇಡಿ.

ಬೆಳಕು ಕ್ರಿಮಿಗೆ ಮಾತ್ರ ಮದ್ದು. ಪಾವಗಡದ ಕಡೆಯ ಫ್ಲೋರೈಡ್, ಗೊಬ್ಬರದ ನೈಟ್ರೇಟ್, ಉಪ್ಪಿನಂಶ ಇವು ಯಾವುವನ್ನೂ ಅದು ಮುಟ್ಟುವುದಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಕಾಣುವ ಊರಿನಲ್ಲಿ ಬರೀ ದೀಪದ ಯಂತ್ರ ಕೊಂಡರೆ ಹಣ ದಂಡ. ಮೊದಲು ನೀರಿನ ಪರೀಕ್ಷೆ ಮಾಡಿಸಿ, ಆಮೇಲೆ ಯಂತ್ರದ ಮಾತು.

ಎಲ್ಲಕ್ಕಿಂತ ಹೆಚ್ಚು ಎಡವಟ್ಟು ಆಗುವುದು ಯಂತ್ರದ ಆಚೆಗೆ. ಶುದ್ಧ ನೀರನ್ನು ಅಗಲ ಬಾಯಿಯ ಪಾತ್ರೆಗೆ ಹಿಡಿದು, ಅದರೊಳಕ್ಕೆ ಬೆರಳು ಸಮೇತ ಲೋಟ ಅದ್ದಿದರೆ, ಕ್ಲೋರಿನ್ ಇಲ್ಲದ ಆ ನೀರಿಗೆ ಕಾಪಾಡಿಕೊಳ್ಳುವ ಶಕ್ತಿಯೇ ಇಲ್ಲ. ಮುಚ್ಚಳವೂ ನಲ್ಲಿಯೂ ಇರುವ ಸ್ಟೀಲ್ ಪಾತ್ರೆಗೆ ಹಿಡಿದು ಅಂದಂದೇ ಮುಗಿಸಿ. ಮರುದಿನ ಪಾತ್ರೆಯನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಿ.

ಯಂತ್ರವಿಲ್ಲದವರಿಗೆ

ಇಂಥ ಯಂತ್ರ ಸಿರಿವಂತರಿಗೆ ಮಾತ್ರ ಎಂದೇನೂ ಅಲ್ಲ. 1992ರ ಕೊನೆಯಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಕಾಲರಾ ಮರುವರ್ಷ ಬಂಗಾಳದಲ್ಲಿ ಹಬ್ಬಿದಾಗ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ಮುಂಬೈ ಮೂಲದ ವಿಜ್ಞಾನಿ ಅಶೋಕ್ ಗಾಡ್ಗೀಳ್ ಹಳ್ಳಿಗಳಿಗೆಂದೇ ಒಂದು ಸರಳ ಯಂತ್ರ ರೂಪಿಸಿದರು. ಅದರಲ್ಲಿ ದೀಪ ನೀರಿನೊಳಗೆ ಮುಳುಗಿರುವುದಿಲ್ಲ, ಹರಿಯುವ ನೀರಿನ ಮೇಲೆ ತೂಗಿರುತ್ತದೆ. ಸುಣ್ಣ ಕಟ್ಟುವ ರಗಳೆಯೇ ಇಲ್ಲ. ಸುಮಾರು 60 ವಾಟ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 15 ಲೀಟರಿನಷ್ಟು ನೀರು ಶುದ್ಧವಾಗುತ್ತದೆ.

ವಿದ್ಯುತ್ತೇ ಇಲ್ಲದ ಕಡೆ ಬಿಸಿಲಿದೆ. ತಿಳಿಯಾದ ನೀರನ್ನು ಬಣ್ಣವಿಲ್ಲದ, ಎರಡು ಲೀಟರ್ ಮೀರದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಿ, ತಗಡಿನ ಮಾಡಿನ ಮೇಲೆ ಆರು ಗಂಟೆ ಬಿಸಿಲಿನಲ್ಲಿ ಅಡ್ಡ ಮಲಗಿಸಿಡಿ. ಮೋಡವಿದ್ದರೆ ಎರಡು ದಿನ. ಬಿಡದೆ ಮಳೆ ಸುರಿಯುವಾಗ ಇದು ಆಗದ ಮಾತು. ಸ್ವಿಟ್ಜರ್ಲೆಂಡಿನ ಜಲವಿಜ್ಞಾನ ಸಂಸ್ಥೆಯೊಂದು 1990ರ ದಶಕದಿಂದ ಈ ವಿಧಾನವನ್ನು ಪ್ರಚಾರ ಮಾಡಿದೆ. ಬಿಸಿಲಿನ ಕಿರಣ ದೀಪದ ಕಿರಣಕ್ಕಿಂತ ಸೌಮ್ಯವಾದ್ದರಿಂದಲೇ ಇಷ್ಟು ಹೊತ್ತು ಬೇಕಾಗುವುದು.

ಮನೆಯ ಬಾವಿಯ ನೀರು ಕುಡಿಯುವವರು, ಅದರಲ್ಲೂ ಮಳೆಗಾಲದಲ್ಲಿ ಅಥವಾ ಬೀದಿಯಲ್ಲಿ ಭೇದಿಯ ಸುದ್ದಿ ಇದ್ದಾಗ, ಬ್ಲೀಚಿಂಗ್ ಪೌಡರನ್ನೇ ಬಳಸಬೇಕು. ಬಾವಿಗೆ ಬೆಳಕು ಬಿಡಲಾಗದು. 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರ್ ಲೆಕ್ಕ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಅದಕ್ಕೆ 23-24 ಗ್ರಾಂ. ಇಷ್ಟನ್ನು ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ನಂತರ ಮುಕ್ಕಾಲು ಬಕೆಟ್ ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ಹಗ್ಗವನ್ನು ಮೇಲೆ ಕೆಳಗೆ ಆಡಿಸಿ ನೀರಿನಲ್ಲಿ ಬೆರೆಸಿ. ಪುಡಿಯನ್ನು ಪೊಟ್ಟಣದಿಂದ ನೇರವಾಗಿ ಸುರಿಯಬೇಡಿ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು; ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಅನುಕೂಲ. ವಾಸನೆ ಹೆಚ್ಚೆನಿಸಿದರೆ ಸೇದಿದ ನೀರನ್ನು ತೆಳು ಬಟ್ಟೆ ಮುಚ್ಚಿದ ಪಾತ್ರೆಯಲ್ಲಿ ಕೆಲವು ಗಂಟೆ ಇಟ್ಟು ಕುಡಿಯಿರಿ.